ಹಕೀಂ ಸಾಹೇಬರು, ರಹೀಂ ಸಾಹೇಬರು: ನಮ್ಮ ಕಡೆಯವರ ನೆನಪುಗಳು

ಎಡಗಾಲು, ಕಲಬುರಗಿ

2021ರ ಆಗಸ್ಟ್ 22ರ ಭಾನುವಾರ ಸೈಯದ್ ಶಾಹಿದ್ ಹಕೀಂ ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ವಯಸ್ಸು 82 ಆಗಿತ್ತು, ಪಾರ್ಶ್ವವಾಯು ಬಡಿದಿತ್ತು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು. ಫಿಫಾ ಬ್ಯಾಡ್ಜ್ ಪಡೆದ, ಅಂದರೆ ಅಂತರರಾಷ್ಟ್ರೀಯ ಪಂದ್ಯ ನಡೆಸುವ ಅರ್ಹತೆಯಿದ್ದ ರೆಫ್ರಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿಯವರಿಗೆ ಸಹಾಯಕ ಕೋಚ್. 2017ರಲ್ಲಿ ಧ್ಯಾನ್ ಚಂದ್ ಪ್ರಶಸ್ತಿ ಬಂತು. ಇಷ್ಟೆಲ್ಲ ಇದ್ದ ಮನುಷ್ಯ ನಮ್ಮ ಊರಿನಲ್ಲಿ ಕೊನೆಯುಸಿರೆಳೆದರು ಎಂದು ನಾನು ಮರುದಿನ ಚಹಾದಂಗಡಿಯಲ್ಲಿ ಹೇಳಿದರೆ, ‘ಯಾವ ಹಕೀಂ, ಯುನಾನಿ ಔಷಧ ಕೊಡುವವರೇ?’ ಎಂದು ಕೇಳಿದವರೇ ಹೆಚ್ಚು.

ಅವರ ತಂದೆ ಸೈಯದ್ ಅಬ್ದುಲ್ ರಹೀಂ. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತ ತಂಡವನ್ನು ತಯಾರು ಮಾಡಿದ ಕೋಚ್. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ, ಏಷ್ಯನ್ ಕ್ರೀಡಾಕೂಟದ ಎರಡು ಚಿನ್ನ. ಆಮೇಲೆ ಇಂದಿನವರೆಗೆ ಫುಟ್‌ಬಾಲ್‌ನಲ್ಲಿ ನಮಗೆ ಅಂಥ ಮತ್ತೊಂದು ಚಿನ್ನ ಬಂದಿಲ್ಲ.

ಪ್ರತಿ ವರ್ಷ ಆಗಸ್ಟ್ ಬಂದಾಗ ಇದು ನೆನಪಾಗುತ್ತದೆ. ನಿಮ್ಮ ಮನೆಗಳಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ ಹೇಳಿದ ಮಾತುಗಳಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಪುಸ್ತಕದಿಂದ ಎತ್ತಿದ ಜೀವನಚರಿತ್ರೆ ಬೇಡ, ಅದು ಎಲ್ಲಿಯಾದರೂ ಸಿಗುತ್ತದೆ.

ವಾಡಿ ಜಂಕ್ಷನ್

ನಮ್ಮದು ರೈಲ್ವೆ ಮನೆತನ. ಅಪ್ಪ ಓದಿದ್ದೆಲ್ಲ ಉರ್ದುವಿನಲ್ಲಿ, ಮಾತನಾಡುತ್ತಿದ್ದದ್ದು ಕನ್ನಡ, ಬೈಯುತ್ತಿದ್ದದ್ದು ದಖನಿಯಲ್ಲಿ. ಅವರಿಗೆ ಕ್ರಿಕೆಟ್ ಎಂದರೆ ಅಷ್ಟಕ್ಕಷ್ಟೇ. ‘ದಿನವಿಡೀ ನಿಂತುಕೊಳ್ಳುವುದು ಒಂದು ಆಟವೇ’ ಎನ್ನುತ್ತಿದ್ದರು. ಆಟ ಎಂದರೆ ಹೈದರಾಬಾದ್ ಸಿಟಿ ಪೊಲೀಸ್.

ಈ ಹೆಸರು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ರಹೀಂ ಸಾಹೇಬರು ತರಬೇತಿ ಕೊಟ್ಟ ಪೊಲೀಸ್ ತಂಡ ಅದು. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ರೋವರ್ಸ್ ನಡೆಯುತ್ತಿದ್ದದ್ದು ಮುಂಬೈಯಲ್ಲಿ. ಹೈದರಾಬಾದಿನಿಂದ ಮುಂಬೈಗೆ ರೈಲು ಹತ್ತಿದರೆ ದಾರಿ ಯಾವುದು? ನಿಜಾಮರ ರೈಲುಮಾರ್ಗ ಮುಗಿದು ಮುಂಬೈ–ಮದ್ರಾಸ್ ಮಾರ್ಗ ಸೇರುವ ಜಾಗವೇ ನಮ್ಮ ವಾಡಿ. ಅಲ್ಲಿಂದ ಶಹಾಬಾದ, ಕಲಬುರಗಿ, ಸೊಲ್ಲಾಪುರ. ಆದ್ದರಿಂದ ಅಪ್ಪನ ಲೆಕ್ಕದಲ್ಲಿ ಆ ಕಪ್ಪುಗಳೆಲ್ಲ ವಾಡಿ ಪ್ಲಾಟ್‌ಫಾರ್ಮ್ ಮೂಲಕವೇ ಮನೆಗೆ ಹೋದವು. ತಾವು ಕಪ್ಪನ್ನು ಕಣ್ಣಾರೆ ಕಂಡೆವೆಂದು ಅವರು ಎಂದೂ ಹೇಳಲಿಲ್ಲ. ಆದರೆ ನವೆಂಬರ್–ಡಿಸೆಂಬರ್ ಬಂತೆಂದರೆ ಮುಂಬೈ ಕಡೆಯಿಂದ ಬರುವ ಗಾಡಿಯ ಬಾಗಿಲುಗಳನ್ನು ನೋಡುತ್ತಾ ನಿಲ್ಲುತ್ತಿದ್ದರಂತೆ. ಸ್ಟೇಷನ್ನಿನ ಕೂಲಿಗಳಿಗೂ ಇದು ಗೊತ್ತಿತ್ತು, ಕೀಟಲೆ ಮಾಡುತ್ತಿದ್ದರು.

ಜಕಾರ್ತದಲ್ಲಿ ಕೊರಿಯಾವನ್ನು ಸೋಲಿಸಿದ 1962ರ ಫೈನಲ್ ಸುದ್ದಿ ಹೈದರಾಬಾದಿನ ಉರ್ದು ಪತ್ರಿಕೆಯಲ್ಲಿ ಬಂದ ದಿನ ಅದನ್ನು ಗಟ್ಟಿಯಾಗಿ ಓದಿಸಿದರು. ಓದಿದವನು ಪಾಯಿಂಟ್ಸ್‌ಮನ್. ಅವನಿಗೆ ಕೊರಿಯಾ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಜಕಾರ್ತ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ತಂಡದ ಯೂಸುಫ್ ಖಾನ್ ಹೈದರಾಬಾದಿನವನು, ಬಲರಾಂ ಸಿಕಂದರಾಬಾದಿನವನು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಸೇಡಂ ಮೂಲ, ಬೆಂಗಳೂರು ವಾಸ

ಬರೆದದ್ದು ಚೆನ್ನಾಗಿದೆ, ಆದರೆ ಒಂದು ತಕರಾರು. ರಹೀಂ ಹೈದರಾಬಾದಿನವರು. ಹಕೀಂ ಕೂಡ. ಒಬ್ಬರು ನಮ್ಮ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದ ಮಾತ್ರಕ್ಕೆ ನಮ್ಮವರಾಗಿಬಿಡುತ್ತಾರೆಯೇ? ಕರ್ನಾಟಕಕ್ಕೆ ಅದರದೇ ಫುಟ್‌ಬಾಲ್ ಪರಂಪರೆ ಇದೆ. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946ರಲ್ಲೇ ಗೆದ್ದಿತ್ತು. ಬೆಂಗಳೂರಿನ ಕೆಂಪಯ್ಯ 1956ರ ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿದ್ದರು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ತಂದಿತು. ಅದರ ಬಗ್ಗೆ ನಮ್ಮ ಕಡೆಯವರು ಒಂದು ಸಾಲು ಬರೆದದ್ದು ನಾನು ಕಾಣಲಿಲ್ಲ. ಪಕ್ಕದ ರಾಜ್ಯದ ಕೋಚ್‌ಗೆ ಮಾತ್ರ ಇಷ್ಟು ಕಣ್ಣೀರೇ?

ಎಡಗಾಲು, ಕಲಬುರಗಿ

ಕಣ್ಣೀರು ಎಲ್ಲಿ ಕಂಡಿರಿ? ರೋವರ್ಸ್ ಕಪ್ಪಿನ ರೈಲು ಕಂಡೆವು ಅಷ್ಟೇ.

ಹಳೆಯ ಪುಟಗಳು

ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ತಾರೀಖುಗಳ ಚಟ ಬಿಟ್ಟಿಲ್ಲ, ಸಹಿಸಿಕೊಳ್ಳಿ.

‘ಪಕ್ಕದ ರಾಜ್ಯ’ ಎಂಬ ಮಾತು 1956ರ ನವೆಂಬರ್ 1ರ ನಂತರದ್ದು. ಅದಕ್ಕೂ ಮುಂಚೆ ಗುಲಬರ್ಗಾ, ಬೀದರ್, ರಾಯಚೂರು ಮೂರೂ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕು. ರಹೀಂ 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದಾಗ ನಾವು ನಿಜಾಮರ ಪ್ರಜೆಗಳು. 1948ರ ಸೆಪ್ಟೆಂಬರಿನಲ್ಲಿ ‘ಪೊಲೀಸ್ ಕಾರ್ಯಾಚರಣೆ’, ಅಂದರೆ ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿಕೊಂಡ ಸೇನಾ ಕ್ರಮ, ನಡೆಯಿತು. ಆ ದಿನಗಳಲ್ಲಿ ನಮ್ಮ ಕಡೆ ಏನೇನು ನಡೆಯಿತು ಎಂಬುದು ಎಲ್ಲರ ಮನೆಯಲ್ಲೂ ಬೇರೆ ಬೇರೆ ಧ್ವನಿಯಲ್ಲಿ ಇದೆ, ಇಲ್ಲಿ ಅದನ್ನು ಕೆದಕುವುದಿಲ್ಲ. ಎರಡೇ ವರ್ಷಗಳಲ್ಲಿ ಅದೇ ಹೈದರಾಬಾದಿನ ಪೊಲೀಸ್ ತಂಡ ದೇಶದ ದೊಡ್ಡ ದೊಡ್ಡ ಕ್ಲಬ್ಬುಗಳನ್ನು ಸೋಲಿಸತೊಡಗಿತು. ಗಾಯ ಹಸಿಯಾಗಿದ್ದ ಊರುಗಳಲ್ಲಿ, ಹಿಂದೂ ಮನೆಯವರೂ ಮುಸ್ಲಿಂ ಮನೆಯವರೂ ಒಟ್ಟಿಗೆ ನಿಂತು ಹೆಮ್ಮೆಪಟ್ಟುಕೊಳ್ಳಲು ಸಿಕ್ಕ ವಿಷಯಗಳು ಆಗ ಹೆಚ್ಚಿರಲಿಲ್ಲ. ನನ್ನ ಸೋದರಮಾವನ ಬಾಯಲ್ಲಿ ಕೇಳಿದ ಮಾತು ಇದು. ಅವರು ಫುಟ್‌ಬಾಲ್ ನೋಡುತ್ತಿರಲಿಲ್ಲ, ಆದರೂ ಹೇಳುತ್ತಿದ್ದರು.

ಇನ್ನೊಂದು ತಾರೀಖು. ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ಭಾರತ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯಾದವರು ಅವರೇ. ಸೆಮಿಫೈನಲ್ಲಿನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಕೂಡ ನೆವಿಲ್ ಅವರದೇ, ಕೊನೆಗೆ 4–1ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0. ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಹೈದರಾಬಾದಿನ ಹುಡುಗರೂ ಇದ್ದರು, ನೀವು ಹೇಳಿದ ಕೆಂಪಯ್ಯನವರೂ ಇದ್ದರು, ತರಬೇತಿ ರಹೀಂ ಅವರದು. ಸೇಡಂನವರೇ, ನಿಮ್ಮ ಎರಡೂ ಪರಂಪರೆ ಒಂದೇ ಜೆರ್ಸಿ ತೊಟ್ಟಿದ್ದವು.

ಸೇಡಂ ಮೂಲ, ಬೆಂಗಳೂರು ವಾಸ

ಒಪ್ಪಿದೆ. ಡಿಸೆಂಬರ್ 1ರ ವಿಷಯ ಗೊತ್ತಿರಲಿಲ್ಲ. ಆದರೂ 2023ರ ಸಂತೋಷ್ ಟ್ರೋಫಿಗೆ ಒಂದು ಸಾಲು ಬರೆಯಬಹುದಿತ್ತು.

ಭೀಮೆಯ ದಡ, ಯಾದಗಿರಿ

ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನನಗೆ ರಹೀಂ ಸಾಹೇಬರ ಮೇಲೆ ಅಭಿಮಾನ ಹುಟ್ಟಿದ್ದು ಚಿನ್ನದ ಪದಕಗಳಿಂದಲ್ಲ. ಅವರು ನಮ್ಮ ವೃತ್ತಿಯವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅದರ ತಂಡಕ್ಕೆ ಆಡಿ, ಕಾಚಿಗುಡ, ಚಾದರಘಾಟ್‌ನಂಥ ಕಡೆ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದವರು. ಅವರ ಕೆಲಸದಲ್ಲಿ ಮೇಷ್ಟ್ರ ಬುದ್ಧಿ ಎದ್ದು ಕಾಣುತ್ತದೆ. ಹೈದರಾಬಾದಿನಲ್ಲಿ ಅವರು ವಿಚಿತ್ರ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ: ಚೆಂಡು ಬಂದ ಕೂಡಲೇ ಇನ್ನೊಬ್ಬರಿಗೆ ಕೊಡಬೇಕು. ಇನ್ನೊಂದರಲ್ಲಿ ಬಲಹೀನ ಕಾಲಿನಿಂದ ಮಾತ್ರ ಒದೆಯಬೇಕು. ಮಕ್ಕಳಿಗೆ ಎತ್ತರದ ಮಿತಿ ಇಟ್ಟು ನಡೆಸುವ ಪಂದ್ಯಾವಳಿಗಳೂ ಇದ್ದವು, ಗಿಡ್ಡ ಹುಡುಗರು ಮೂಲೆಗುಂಪಾಗದಂತೆ.

ಎರಡನೆಯದನ್ನು ನಮ್ಮ ಶಾಲೆಯ ಮೈದಾನದಲ್ಲಿ ಮಾಡಿ ನೋಡಿದೆ. ಮೈದಾನ ಎಂದರೆ ಕರಿಮಣ್ಣು, ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಗೋಲ್‌ಪೋಸ್ಟ್ ಇಲ್ಲ. ಶಹಾಬಾದ ಪರ್ಶಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಗುಡ್ಡೆ ಮಾಡುತ್ತೇವೆ, ಚೆಂಡು ತಾಗಿದರೆ ಗುಡ್ಡೆ ಕುಸಿಯುತ್ತದೆ, ಗೋಲೋ ಅಲ್ಲವೋ ಎಂಬ ಜಗಳ ಮುಗಿಯುವುದೇ ಇಲ್ಲ. ಹುಡುಗಿಯರ ಜಡೆಯ ಕೆಂಪು ರಿಬ್ಬನ್ ಬಿಚ್ಚಿಸಿ ಪ್ರತಿಯೊಬ್ಬರ ಬಲಗಾಲಿಗೆ ಕಟ್ಟಿದೆ. ರಿಬ್ಬನ್ ಇರುವ ಕಾಲು ಚೆಂಡಿಗೆ ತಾಗಿದರೆ ಫೌಲ್. ಎಡಚರಿಗೆ ರಿಬ್ಬನ್ ಎಡಗಾಲಿಗೆ.

ಮೊದಲ ಹತ್ತು ನಿಮಿಷ ಬರೀ ನಗು. ಒದೆಯಲು ಹೋಗಿ ಗಾಳಿಗೆ ಒದ್ದು ಬೀಳುವವರು, ಎದುರು ತಂಡಕ್ಕೇ ಪಾಸ್ ಕೊಡುವವರು. ನಮ್ಮ ತಂಡದ ಅತ್ಯುತ್ತಮ ಆಟಗಾರ, ಇಡೀ ಮೈದಾನವನ್ನು ಒಬ್ಬನೇ ದಾಟುವ ಹುಡುಗ, ಅಂದು ಅಸಹಾಯಕನಾಗಿ ನಿಂತಿದ್ದ. ಯಾವತ್ತೂ ಚೆಂಡು ಸಿಗದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಸುಮ್ಮನೆ ಚೆಂಡಿನ ಪಕ್ಕ ಎಡಗಾಲಿಟ್ಟು, ಒದೆಯದೆ, ಮೆತ್ತಗೆ ತಳ್ಳಿ ಗೆಳತಿಗೆ ಕೊಟ್ಟಳು. ಗೆಳತಿ ಮುಂದಿನವಳಿಗೆ. ಅರ್ಧ ಗಂಟೆಯಾಗುವಷ್ಟರಲ್ಲಿ ಎಲ್ಲರೂ ಹಾಗೆಯೇ ಆಡುತ್ತಿದ್ದರು. ದೂರ ಒದೆಯಲು ಆಗುವುದಿಲ್ಲವೆಂದು ಗೊತ್ತಾದ ಮೇಲೆ ಹತ್ತಿರದವರನ್ನು ಹುಡುಕುವುದನ್ನು ಕಲಿತರು. ನಾನು ಬಾಯಿಂದ ಎಷ್ಟು ಹೇಳಿದರೂ ಹತ್ತದ ಪಾಠ ರಿಬ್ಬನ್ನಿನಿಂದ ಹತ್ತಿತು. ಆ ಹೊತ್ತಿಗೆ ನನಗೆ ಅನ್ನಿಸಿದ್ದು, ಈ ಮನುಷ್ಯ ಎಡಗಾಲಿನ ಅಭ್ಯಾಸಕ್ಕಾಗಿ ಮಾತ್ರ ಇದನ್ನು ಮಾಡಿರಲಿಕ್ಕಿಲ್ಲ ಎಂದು.

ಮರುದಿನ ಒಬ್ಬ ತಾಯಿ ಬಂದು ರಿಬ್ಬನ್ ಹಾಳಾಯಿತೆಂದು ಜಗಳ ತೆಗೆದರು. ಅದೂ ನ್ಯಾಯವೇ.

ವಾಡಿ ಜಂಕ್ಷನ್

ಟೀಚರ್, ಇದನ್ನು ಓದಿ ಅಪ್ಪ ಇರಬೇಕಿತ್ತು ಅನ್ನಿಸಿತು. ಪರ್ಶಿ ಗುಡ್ಡೆಯ ಗೋಲಿನ ಜಗಳ ನಮ್ಮ ಊರಿನಲ್ಲೂ ಇತ್ತು. ಗುಡ್ಡೆಯ ಮೇಲಿನ ಕಲ್ಲು ಒಳಗೆ ಬಿದ್ದರೆ ಗೋಲು, ಹೊರಗೆ ಬಿದ್ದರೆ ಅಲ್ಲ ಎಂಬ ಕಾನೂನು ಮಾಡಿಕೊಂಡಿದ್ದೆವು.

ಕೋಟೆ ಬಾಗಿಲು, ಬೀದರ್

ನಮ್ಮ ಊರಿನಲ್ಲಿ ತಲೆ ಎತ್ತಿದರೆ ವಾಯುಪಡೆಯ ತರಬೇತಿ ವಿಮಾನ. ಹಾಗಾಗಿ ನನಗೆ ಹಕೀಂ ಸಾಹೇಬರು ಮೊದಲು ವಾಯುಪಡೆಯವರು, ಆಮೇಲೆ ಫುಟ್‌ಬಾಲಿನವರು. ನಾನೂ ಅದೇ ನೀಲಿ ಸಮವಸ್ತ್ರದಲ್ಲಿ ಕೆಲವು ವರ್ಷ ಕಳೆದವನು, ತಾಂತ್ರಿಕ ವಿಭಾಗ. ಸೇನಾಪಡೆಗಳ ತಂಡವಾದ ಸರ್ವಿಸಸ್‌ನ ಹಳೆಯ ಆಟಗಾರರ ಮಾತು ಬಂದಾಗ ‘ಹಕೀಂ ಸಾಬ್’ ಎಂಬ ಹೆಸರು ಬರುತ್ತಿತ್ತು. ಹಾಫ್‌ಬ್ಯಾಕ್, ಅಂದರೆ ಮೈದಾನದ ನಡುಭಾಗದ ಆಟಗಾರ ಆಗಿದ್ದರು.

ನನಗೆ ಯಾವಾಗಲೂ ಕಾಡುವುದು ರೋಮ್. ಅಪ್ಪ ಕೋಚ್, ಮಗ ತಂಡದಲ್ಲಿದ್ದಾನೆ. ಮೂರು ಪಂದ್ಯ: ಹಂಗೆರಿ ವಿರುದ್ಧ 1–2, ಫ್ರಾನ್ಸ್ ವಿರುದ್ಧ 1–1, ಪೆರು ವಿರುದ್ಧ 1–3. ಮೂರರಲ್ಲಿ ಒಂದರಲ್ಲೂ ಮಗ ಆಡಲಿಲ್ಲ. ಹಾಫ್‌ಬ್ಯಾಕ್ ಜಾಗಕ್ಕೆ ಕೆಂಪಯ್ಯ, ರಾಮ್ ಬಹಾದೂರ್, ಫ್ರಾಂಕೊ ಇದ್ದರು, ಯಾರೂ ಕಡಿಮೆಯವರಲ್ಲ. ಎರಡು ವರ್ಷದ ನಂತರ ಜಕಾರ್ತಕ್ಕೆ ಹೋದ ತಂಡದಲ್ಲಿ ಮಗನ ಹೆಸರೇ ಇಲ್ಲ. ಆ ತಂಡ ಚಿನ್ನ ಗೆದ್ದಿತು. ಅದಾದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡರು, 53ನೆಯ ವಯಸ್ಸಿನಲ್ಲಿ.

ನಮ್ಮ ಕಡೆ ತಹಶೀಲ್ದಾರರ ಅಳಿಯನಿಗೂ ಒಂದು ಗುತ್ತಿಗೆ ಸಿಗುತ್ತದೆ. ಈ ಮನುಷ್ಯ ಸ್ವಂತ ಮಗನಿಗೆ ಒಲಿಂಪಿಕ್ಸ್‌ನಲ್ಲಿ ಹತ್ತು ನಿಮಿಷ ಕೊಡಲಿಲ್ಲ.

ತೊಗರಿ ಹೊಲ, ಆಳಂದ

ಅದಕ್ಕೆ ಚಪ್ಪಾಳೆ ತಟ್ಟಬೇಕೇ? ನನಗೆ ಇದು ದೊಡ್ಡತನ ಅನ್ನಿಸುವುದಿಲ್ಲ. ಬೇರೆ ಯಾರ ಮಗನಾಗಿದ್ದರೂ ಆ ಹುಡುಗನಿಗೆ ಒಂದು ಪಂದ್ಯ ಸಿಗುತ್ತಿತ್ತೇನೋ. ಜನ ಏನೆಂದುಕೊಳ್ಳುತ್ತಾರೆ ಎಂದು ಮನೆಯವರಿಗೆ ಅನ್ಯಾಯ ಮಾಡುವುದೂ ಒಂದು ರೀತಿಯ ಪಕ್ಷಪಾತವೇ. ನಮ್ಮ ಅಪ್ಪ ಊರಿನ ಪಂಚಾಯಿತಿಯಲ್ಲಿದ್ದಾಗ ನಮ್ಮ ಓಣಿಗೆ ಕೊಳವೆಬಾವಿ ಕೊನೆಗೆ ಬಂತು, ಅದೇ ಕಾರಣಕ್ಕೆ. ಅವ್ವ ಇಂದಿಗೂ ಬೈಯುತ್ತಾಳೆ.

ಕೋಟೆ ಬಾಗಿಲು, ಬೀದರ್

ಅಂದಿನ ನಿಯಮ ನೆನಪಿಟ್ಟುಕೊಳ್ಳಿ. ಆಗ ಪಂದ್ಯದ ನಡುವೆ ಆಟಗಾರರನ್ನು ಬದಲಿಸುವ ಪದ್ಧತಿ ಇರಲಿಲ್ಲ. ಹತ್ತು ನಿಮಿಷ ಎಂದು ನಾನು ಬರೆದದ್ದು ಮಾತಿನ ಭರದಲ್ಲಿ. ಮಗನಿಗೆ ಕೊಡಬೇಕೆಂದರೆ ಇಡೀ ಪಂದ್ಯ ಕೊಡಬೇಕು, ಕೆಂಪಯ್ಯನನ್ನೋ ರಾಮ್ ಬಹಾದೂರನನ್ನೋ ಹೊರಗೆ ಕೂರಿಸಬೇಕು. ಯಾರನ್ನು ಕೂರಿಸುತ್ತೀರಿ?

ಸೇಡಂ ಮೂಲ, ಬೆಂಗಳೂರು ವಾಸ

ಕೆಂಪಯ್ಯನವರನ್ನಂತೂ ಕೂರಿಸುವಂತಿಲ್ಲ!

ತೊಗರಿ ಹೊಲ, ಆಳಂದ

ಸರಿ, ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ ಮಗನ ಬಗ್ಗೆ ಗೌರವ ಹೆಚ್ಚಾಯಿತು. ಇಂಥ ಅಪ್ಪನ ಮಗ ಆಟವನ್ನೇ ಬಿಟ್ಟು ಹೋಗಬಹುದಿತ್ತು. ಇವರು ಆಟಗಾರ, ರೆಫ್ರಿ, ಕೋಚ್, ಆಡಳಿತಗಾರ ಎಲ್ಲ ಆಗಿ ಎಂಬತ್ತು ದಾಟುವವರೆಗೂ ಅದೇ ಮೈದಾನದ ಸುತ್ತಲೇ ಇದ್ದರು.

ಹೊಸ ಬೂಟು

ನಾನು ಇಪ್ಪತ್ತರ ಆಸುಪಾಸಿನವನು. 2024ರಲ್ಲಿ ರಹೀಂ ಅವರ ಮೇಲೆ ಹಿಂದಿ ಸಿನಿಮಾ ಬಂದಾಗಲೇ ನನಗೆ ಈ ಹೆಸರು ತಿಳಿದದ್ದು. ಕಲಬುರಗಿಯ ಚಿತ್ರಮಂದಿರದಲ್ಲಿ ಅರ್ಧ ಖಾಲಿ ಸಭಾಂಗಣ, ನಾವು ಗೆಳೆಯರು ಮಾತ್ರ ಕೂಗಾಡಿದೆವು. ಅದಕ್ಕೂ ಮೊದಲು ನನಗೆ ಹೈದರಾಬಾದ್ ಫುಟ್‌ಬಾಲ್ ಎಂದರೆ ಹೈದರಾಬಾದ್ ಎಫ್‌ಸಿ, 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ತಂಡ. ದೊಡ್ಡವರಿಗೆ ಒಂದು ಪ್ರಶ್ನೆ. ಜಕಾರ್ತದ ಫೈನಲ್ ನಿಜವಾಗಿಯೂ ಅಷ್ಟು ನಾಟಕೀಯವಾಗಿತ್ತೇ, ಅಥವಾ ಎಲ್ಲ ಪರದೆಯ ಮಸಾಲೆಯೇ?

ಹಳೆಯ ಪುಟಗಳು

ಮಸಾಲೆ ಹಾಕುವ ಅಗತ್ಯವೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ನಂತರ ಥಾಯ್ಲೆಂಡ್ ಎದುರು 4–1, ಜಪಾನ್ ಎದುರು 2–0. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆ ಒಡೆಯಿತು, ಹೊಲಿಗೆ ಬಿತ್ತು. ಹೊಲಿಗೆ ಬಿದ್ದವನನ್ನು ಹಿಂದೆ ನಿಲ್ಲಿಸುವುದು ಕಷ್ಟ. ಆದರೆ ರಹೀಂ ಜರ್ನೈಲ್ ಅವರನ್ನು ಕೈಬಿಡಲಿಲ್ಲ, ಮುಂದೆ ತಂದು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಮಾಡಿದರು! ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3–2. ಫೈನಲ್ಲಿಗೆ ಮತ್ತೆ ಅದೇ ಕೊರಿಯಾ, 1962ರ ಸೆಪ್ಟೆಂಬರ್ 4.

ಕ್ರೀಡಾಂಗಣದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಜನ, ಬಹುತೇಕ ಎಲ್ಲರೂ ನಮ್ಮ ವಿರುದ್ಧ. ಕಾರಣ ಫುಟ್‌ಬಾಲ್ ಅಲ್ಲ. ಇಂಡೊನೇಷ್ಯಾ ಆ ಕೂಟಕ್ಕೆ ಇಸ್ರೇಲನ್ನೂ ತೈವಾನನ್ನೂ ಬಿಟ್ಟುಕೊಂಡಿರಲಿಲ್ಲ, ಅದನ್ನು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಪ್ರಶ್ನಿಸಿದ್ದರು. ಸಿಟ್ಟು ಆಟಗಾರರ ಮೇಲೆ ತಿರುಗಿತು. ನಮ್ಮ ರಾಷ್ಟ್ರಗೀತೆಯ ಹೊತ್ತಿಗೂ ಜನ ಕೂಗಾಡಿದರು. ಆ ಗದ್ದಲದಲ್ಲಿ ನಮ್ಮವರ ಪರ ಕೂಗಿದ ಗುಂಪೊಂದಿತ್ತು, ಪಾಕಿಸ್ತಾನದ ಹಾಕಿ ತಂಡ! 17ನೆಯ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೆಯ ನಿಮಿಷಕ್ಕೆ ಪಟ್ಟಿ ಕಟ್ಟಿದ ತಲೆಯ ಜರ್ನೈಲ್. ಕೊರಿಯಾ ಕೊನೆಯಲ್ಲಿ ಒಂದು ಮಾತ್ರ ತೀರಿಸಿತು. 2–1.

ಜ್ವರದಿಂದ ಹೊರಗಿದ್ದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನು ಫೈನಲ್ಲಿಗೆ ಮರಳಿ ಕರೆತಂದದ್ದೂ ರಹೀಂ ಅವರ ತೀರ್ಮಾನ. ಒಬ್ಬ ರೋಗಿಗೆ ಗೋಲು ಕಾಯಲು ಹೇಳಿದರು, ಇನ್ನೊಬ್ಬ ಗಾಯಾಳುವಿಗೆ ಗೋಲು ಹೊಡೆಯಲು ಹೇಳಿದರು, ಹೇಳಿದವರೇ ಎಲ್ಲರಿಗಿಂತ ಹೆಚ್ಚು ಕಾಯಿಲೆಯವರು.

ವಾಡಿ ಜಂಕ್ಷನ್

ಫೈನಲ್ಲಿನ ಹಿಂದಿನ ರಾತ್ರಿ ರಹೀಂ ಸಾಹೇಬರು ಹುಡುಗರನ್ನು ಕೂರಿಸಿಕೊಂಡು, ನಾಳೆ ನನಗೊಂದು ಉಡುಗೊರೆ ಬೇಕು, ಚಿನ್ನ ಗೆದ್ದುಕೊಡಿ ಎಂದು ಕೇಳಿದರಂತಲ್ಲ. ಆ ಆಟಗಾರರು ಮುದುಕರಾದ ಮೇಲೂ ಅದನ್ನು ಹೇಳುತ್ತಿದ್ದರು. ಅಪ್ಪ ಈ ಮಾತನ್ನು ಹೇಳುವಾಗ ‘ತೋಹ್ಫಾ’ ಎಂಬಲ್ಲಿಗೆ ಬಂದು ಬೀಡಿ ಹಚ್ಚುತ್ತಿದ್ದರು. ಮುಂದಿನ ಮಾತು ಬೀಡಿ ಮುಗಿದ ಮೇಲೆಯೇ.

ಹೊಸ ಬೂಟು

ಧನ್ಯವಾದ ಸರ್. ಪಾಕಿಸ್ತಾನದ ಹಾಕಿ ತಂಡದ ವಿಷಯ ಗೆಳೆಯರಿಗೆ ಹೇಳಿದರೆ ನಂಬುತ್ತಿಲ್ಲ.

ಶರಣರ ಜಾತ್ರೆ, ಕಲಬುರಗಿ

ಎಲ್ಲರೂ ಅಪ್ಪನ ಬಗ್ಗೆಯೇ ಬರೆಯುತ್ತಿದ್ದೀರಿ, ಮಗ ಮತ್ತೆ ಮೀಸಲು ಆಟಗಾರನಾದರು ನೋಡಿ. ಹಕೀಂ ಅವರ ಬಗ್ಗೆ ನಾನು ಹೇಳುತ್ತೇನೆ. ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಮಹೀಂದ್ರ ತಂಡದ ಆಟಕ್ಕೆ ಹೋಗುತ್ತಿದ್ದೆ. ಕಲಬುರಗಿಯಿಂದ ಮುಂಬೈಗೆ ದುಡಿಯಲು ಹೋದವರಿಗೆ ಭಾನುವಾರದ ಸಂಜೆ ಹೇಗಿರುತ್ತದೆಯೆಂದು ಹೋದವರಿಗೇ ಗೊತ್ತು. ಕೂಪರೇಜ್ ಮೈದಾನದ ಅಗ್ಗದ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೂರುವುದೇ ನನ್ನ ಹಬ್ಬ. ಹಕೀಂ ಕೋಚ್ ಆಗಿದ್ದಾಗ ಮಹೀಂದ್ರ ತಂಡ ಈಸ್ಟ್ ಬೆಂಗಾಲನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. ಕೋಲ್ಕತ್ತದ ಸಿರಿವಂತ ಕ್ಲಬ್ಬುಗಳ ಎದುರು ಕಾರ್ಖಾನೆಯ ಹೆಸರಿನ ತಂಡ. ನಮ್ಮ ಖೋಲಿಯಲ್ಲಿ ಬಂಗಾಳದವನೊಬ್ಬನಿದ್ದ, ಅವನು ಅಂದು ಊಟ ಬಿಟ್ಟ. ಅವನ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ.

ಗೋವಾದ ಸಾಲಗಾಂವಕರ್ ತಂಡಕ್ಕೂ ಅವರು ಕೋಚ್ ಆಗಿದ್ದರು. ಕೊನೆಗಾಲದಲ್ಲಿ, ಭಾರತದಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್ ನಡೆಯುವುದಕ್ಕೂ ಮುಂಚೆ, ಹುಡುಗರನ್ನು ಹುಡುಕುವ ಯೋಜನೆಯ ಹೊಣೆ ಅವರಿಗಿತ್ತು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಹದಿಹರೆಯದ ಹುಡುಗರ ಕಾಲು ನೋಡಿಕೊಂಡು ತಿರುಗುವ ಕೆಲಸ! ಆ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ಭಾರತಕ್ಕೆ ಫಿಫಾ ವಿಶ್ವಕಪ್‌ಗಳಲ್ಲಿ ಬಂದ ಮೊದಲ ಗೋಲು. ನಾನು ಟಿವಿಯ ಮುಂದೆ ಎದ್ದು ನಿಂತುಬಿಟ್ಟೆ. ಮೊಮ್ಮಗಳು ಭೂಕಂಪವಾಯಿತೇ ಎಂದು ಕೇಳಿದಳು.

ಎಡಗಾಲು, ಕಲಬುರಗಿ

ಮೀಸಲು ಆಟಗಾರನ ಮಾತು ಚುಚ್ಚಿತು, ಆದರೆ ನಿಜ. ಹಕೀಂ ಅವರ ಹೆಸರಿನಲ್ಲಿ ಇಲ್ಲಿ ಏನಾದರೂ ಆಗಬೇಕು. ಒಂದು ವೃತ್ತಕ್ಕೆ ಹೆಸರಿಡಬೇಕೆಂದು ಮನವಿ ಬರೆಯೋಣವೇ?

ತೊಗರಿ ಹೊಲ, ಆಳಂದ

ವೃತ್ತಕ್ಕೆ ಹೆಸರಿಟ್ಟರೆ ಆಗುವುದು ಇಷ್ಟು: ಫಲಕದ ಮುಂದೆ ಪಾನಿಪುರಿ ಗಾಡಿ, ಹಿಂದೆ ಟಂಟಂ ನಿಲ್ದಾಣ, ಮೇಲೆ ಯಾರದೋ ಹುಟ್ಟುಹಬ್ಬದ ಬ್ಯಾನರ್. ಆಮೇಲೆ ಯಾರ ಹೆಸರು ಮೊದಲು, ಯಾರ ಹೆಸರು ಏಕಿಲ್ಲ ಎಂದು ಮೂರು ಬಣ. ಬೇಡ.

ಭೀಮೆಯ ದಡ, ಯಾದಗಿರಿ

ಬಲಹೀನ ಕಾಲಿನ ಪಂದ್ಯ ಆಡಿಸಿ. ಮಕ್ಕಳಿಗಲ್ಲ, ನೀವೇ ಆಡಿ. ರಿಬ್ಬನ್ ನಾನು ಕೊಡುತ್ತೇನೆ, ಈ ಸಲ ಅಂಗಡಿಯಿಂದ ಕೊಂಡು.

ಶರಣರ ಜಾತ್ರೆ, ಕಲಬುರಗಿ

ನನ್ನ ಎರಡೂ ಕಾಲು ಬಲಹೀನ. ಯಾವುದಕ್ಕೆ ಕಟ್ಟುತ್ತೀರಿ?

ಕೋಟೆ ಬಾಗಿಲು, ಬೀದರ್

ನಿಮ್ಮನ್ನು ರೆಫ್ರಿ ಮಾಡುತ್ತೇವೆ. ಹಕೀಂ ಸಾಹೇಬರ ಇನ್ನೊಂದು ವೃತ್ತಿಗೂ ಮರ್ಯಾದೆ ಆಗುತ್ತದೆ. ನಾನು ಬೀದರಿನಿಂದ ಬೆಳಿಗ್ಗೆಯ ರೈಲಿಗೆ ಬರುತ್ತೇನೆ, ಜೊತೆಗೆ ಇಬ್ಬರಿದ್ದಾರೆ. ಪಂದ್ಯ ಬಿಸಿಲೇರುವ ಮುಂಚೆಯೋ ಸಂಜೆಯೋ?

ಎಡಗಾಲು, ಕಲಬುರಗಿ

ಸಂಜೆ ನಾಲ್ಕೂವರೆ. ಕಾಲೇಜು ಮೈದಾನ ಕೇಳಿದ್ದೇನೆ, ಮಳೆ ಬಂದರೆ ಕೆಸರಿನಲ್ಲೇ. ಒಂದು ತಂಡಕ್ಕೆ ಏಳು ಜನ. ಡ್ರಿಬ್ಲಿಂಗ್ ನಿಷೇಧವನ್ನೂ ಸೇರಿಸೋಣವೇ?

ಹೊಸ ಬೂಟು

ಎರಡೂ ಸೇರಿಸಿದರೆ ಯಾರೂ ಗೋಲು ಹೊಡೆಯುವುದಿಲ್ಲ. ಒಂದೊಂದು ಅರ್ಧಕ್ಕೆ ಒಂದೊಂದು ಇರಲಿ. ಬೂಟು ಕಡ್ಡಾಯವೇ? ನಮ್ಮ ಗುಂಪಿನಲ್ಲಿ ಮೂವರಿಗೆ ಇಲ್ಲ.

ಹಳೆಯ ಪುಟಗಳು

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ನಮ್ಮ ಬಹುತೇಕ ಆಟಗಾರರು ಬರಿಗಾಲಿನಲ್ಲೇ ಆಡಿದರು. ಯುಗೊಸ್ಲಾವಿಯಾ 10–1ರಿಂದ ಸೋಲಿಸಿತು. ಕೋಚ್ ಇದೇ ರಹೀಂ. ಆಮೇಲೆ ಬೂಟು ಕಡ್ಡಾಯವಾಯಿತು. ಬೂಟು ಇಲ್ಲದ ಮೂವರನ್ನು ಒಂದೇ ತಂಡಕ್ಕೆ ಹಾಕಬೇಡಿ ಎಂದಷ್ಟೇ ನನ್ನ ಸಲಹೆ.

ವಾಡಿ ಜಂಕ್ಷನ್

ಪರ್ಶಿ ಕಲ್ಲು ನಾನು ತರುತ್ತೇನೆ. ಕಾಲೇಜಿನಲ್ಲಿ ಗೋಲ್‌ಪೋಸ್ಟ್ ಇದ್ದರೂ ತರುತ್ತೇನೆ.

ಸೇಡಂ ಮೂಲ, ಬೆಂಗಳೂರು ವಾಸ

ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಯಿತು. ಒಂದು ಸಂಶಯ: ಗೋಲ್‌ಕೀಪರ್ ಎರಡೂ ಕೈ ಬಳಸಬಹುದೇ?

ಭೀಮೆಯ ದಡ, ಯಾದಗಿರಿ

ಕೈ ಎರಡೂ ಬಳಸಬಹುದು. ಗೋಲ್‌ಕಿಕ್ ಮಾತ್ರ ರಿಬ್ಬನ್ ಇಲ್ಲದ ಕಾಲಿನಿಂದ.

ಸೇಡಂ ಮೂಲ, ಬೆಂಗಳೂರು ವಾಸ

ಹಾಗಾದರೆ ನಾನು ಗೋಲ್‌ಕೀಪರ್. ಗೋಲ್‌ಕಿಕ್ ಬೇರೆಯವರು ತೆಗೆದುಕೊಳ್ಳಲಿ.

ತೊಗರಿ ಹೊಲ, ಆಳಂದ

ಈಗಲೇ ರಿಯಾಯಿತಿ ಕೇಳುತ್ತಿದ್ದಾರೆ. ಇವರನ್ನು ಎದುರು ತಂಡಕ್ಕೆ ಹಾಕಿ.